ಬಾವಿಗಿಳಿಸಿದ ಒಂದು ಎಚ್‌ಪಿ ಪಂಪು, ಅದನ್ನು ಕೂರಿಸಿದ ಕೆಲಸ: ಹದಿಮೂರು ತಿಂಗಳ ನಂತರ

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ, ಕೊಟ್ಟಿಗೆ, ಅಂಗಳದ ಗಿಡ ಎಲ್ಲದಕ್ಕೂ ಒಂದೇ ಬಾವಿ, 36 ಅಡಿ ಆಳ. ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಅದಕ್ಕೆ ಒಂದು ಎಚ್‌ಪಿ ಓಪನ್‌ವೆಲ್ ಸಬ್‌ಮರ್ಸಿಬಲ್, ಅಂದರೆ ತೆರೆದ ಬಾವಿಯ ನೀರಿನಲ್ಲಿ ಮುಳುಗಿಕೊಂಡೇ ಓಡುವ ಪಂಪು ಇಳಿಸಿದೆವು. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ. ಯಾವ ಕಂಪನಿ ಎಂದು ಎಲ್ಲರೂ ಕೇಳುತ್ತಾರೆ. ಕೊಯಮತ್ತೂರಿನಲ್ಲಿ ತಯಾರಾದದ್ದು, ಐಎಸ್‌ಐ ಗುರುತಿದೆ, ಓಪನ್‌ವೆಲ್ ಪಂಪುಗಳಿಗೆ ಇರುವ ಐಎಸ್ 14220 ಸಂಖ್ಯೆ ತಗಡಿನ ಮೇಲೆ ಒತ್ತಿದೆ. ಅದೇ ದರ್ಜೆಯ ನಾಲ್ಕೈದು ಪಂಪುಗಳನ್ನು ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇರುವುದು ಕೂರಿಸುವವರ ಕೈಯಲ್ಲಿ ಎಂಬುದು ನನಗೆ ಬಹಳ ಕೆಟ್ಟ ರೀತಿಯಲ್ಲಿ ಗೊತ್ತಾಯಿತು. ಅದಕ್ಕೇ ಪಂಪಿಗಿಂತ ಅದನ್ನು ಕೂರಿಸಿದ ಕೆಲಸದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ನಮ್ಮಲ್ಲಿ ಹಳೆಯ ಮಾನೋಬ್ಲಾಕ್ ಇತ್ತು, ನೀರಿನ ಹೊರಗೆ ಕೂತು ನೀರೆಳೆಯುವ ಪಂಪು. ಆಗಸ್ಟ್‌ನಲ್ಲಿ ನಮ್ಮ ಬಾವಿಯ ನೀರು ಕಟ್ಟೆಯಿಂದ ಆರೇ ಅಡಿ ಕೆಳಗಿರುತ್ತದೆ, ಏಪ್ರಿಲ್‌ನಲ್ಲಿ 30 ಅಡಿಗೆ ಇಳಿಯುತ್ತದೆ. ಮೇಲೆ ಕೂತ ಪಂಪು ಅಷ್ಟು ಆಳದಿಂದ ನೀರೆಳೆಯುವುದಿಲ್ಲ. ಪಂಪು ಎಷ್ಟೇ ದೊಡ್ಡದಿರಲಿ, ಪೈಪಿನೊಳಗೆ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಅದರ ಶಕ್ತಿ ಸಮುದ್ರ ಮಟ್ಟದಲ್ಲೇ ಸುಮಾರು 10.3 ಮೀಟರ್, ಅಂದರೆ 34 ಅಡಿ. ಫುಟ್‌ವಾಲ್ವ್, ಬೆಂಡು, ಪೈಪಿನ ತಿಕ್ಕಾಟ ಎಲ್ಲ ಕಳೆದರೆ ಕೈಗೆ ಸಿಗುವುದು ಇಪ್ಪತ್ತು, ಇಪ್ಪತ್ತೆರಡು ಅಡಿ. ಹಾಗಾಗಿ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ನಾವೂ ಮಾಡುತ್ತಿದ್ದೆವು. ಶಿವರಾತ್ರಿ ಕಳೆದ ಮೇಲೆ ಮೋಟರನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ಅಡಿಕೆ ದಬ್ಬೆಯ ಮೇಲೆ ಹಲಗೆ ಹಾಕಿ ಕೂರಿಸುವುದು. ಮಳೆ ಹಿಡಿದ ಮೇಲೆ ಮತ್ತೆ ಮೇಲೆತ್ತುವುದು. ಹೀಗೆ ಹನ್ನೊಂದು ವರ್ಷ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಮೊದಲ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಮೋಟರ್ ಓಡುತ್ತಿರುವಾಗ ಅತ್ತೆ ಬಾವಿಕಟ್ಟೆ ಹತ್ತಿ, ಹಿಡಿತಕ್ಕೆಂದು ಕಬ್ಬಿಣದ ಡೆಲಿವರಿ ಪೈಪಿಗೆ ಕೈ ಹಾಕಿದರು. ಬರಿಗಾಲು, ಒದ್ದೆ ಕಲ್ಲು. ಅವರ ಬಾಯಿಂದ ಬಂದ ಸದ್ದು ಕೂಗೂ ಅಲ್ಲ, ಮಾತೂ ಅಲ್ಲ. ಅದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಅವರನ್ನು ಹಿಡಿಯಲು ಓಡದೆ ಸ್ವಿಚ್ಚಿನ ಕಡೆ ಓಡಿದೆ. ಹೈಸ್ಕೂಲಿನಲ್ಲಿ ಯಾರೋ ಮೇಷ್ಟ್ರು ಹೇಳಿಕೊಟ್ಟದ್ದು ಆ ಹೊತ್ತಿಗೆ ನೆನಪಾಯಿತು. ಮುಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಸ್ವಿಚ್ ಆಫ್ ಮಾಡಿದ ಕೂಡಲೇ ಅವರು ಕಟ್ಟೆಯ ಹೊರಗೆ ಬಿದ್ದರು, ಪುಣ್ಯಕ್ಕೆ ಒಳಗೆ ಬೀಳಲಿಲ್ಲ. ಅಂಗೈ ಸುಟ್ಟಿತ್ತು, ಭುಜ ಉಳುಕಿತ್ತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಆಮೇಲೆ ನೋಡಿದರೆ, ಹನ್ನೊಂದು ವರ್ಷದ ಹಿಂದೆ ಕೂರಿಸಿದವರು ಎರಡೇ ಎಳೆಯ ವಯರು ಎಳೆದಿದ್ದರು. ಅರ್ಥ್ ವಯರೇ ಇರಲಿಲ್ಲ. ಟೇಪು ಸುತ್ತಿದ ಜಾಯಿಂಟು ಒದ್ದೆಯಾಗಿ ಪೈಪಿಗೆ ತಾಗಿತ್ತು. ಫ್ಯೂಸಿನಲ್ಲಿ ಪದೇ ಪದೇ ಸುಡುತ್ತದೆ ಎಂದು ಮೂರು ಎಳೆ ತಾಮ್ರ ಹೊಸೆದು ಹಾಕಿದ್ದರು.

ಅಂಥ ಮನೆಗೆ ಬಂದದ್ದು ರಿಪ್ಪನ್‌ಪೇಟೆ ಕಡೆಯ ಒಬ್ಬ ಮೆಕ್ಯಾನಿಕ್, ಮೂವತ್ತರ ಆಸುಪಾಸಿನ ಹುಡುಗ. ಪಂಪು ಎಲ್ಲಿ ಕೂರಿಸಬೇಕು ಎಂದು ಅವನು ಕೇಳಲಿಲ್ಲ. "ಅಕ್ಕಾ, ಮೊದ್ಲು ಮೀಟರ್ ಬೋರ್ಡ್ ತೋರ್ಸಿ" ಅಂದ. ಅಲ್ಲಿಂದ ವಯರು ಹಿಡಿದುಕೊಂಡು ಬಾವಿಯವರೆಗೆ ನಡೆದ, ಹೆಜ್ಜೆ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡ. ಬಾವಿಗೆ ಕಲ್ಲು ಕಟ್ಟಿದ ದಾರ ಬಿಟ್ಟು ಆಳ ನೋಡಿದ, ಟ್ಯಾಂಕಿನ ಎತ್ತರ ನೋಡಿದ, ಮಳೆಗಾಲದಲ್ಲಿ ನೀರು ಎಲ್ಲಿಗೆ ಬರುತ್ತದೆ ಎಂದು ಅತ್ತೆಯನ್ನು ಕೇಳಿದ. ಆಮೇಲೆ, ನಾಳೆ ಸಂಜೆ ಏಳು ಗಂಟೆಗೆ ವೋಲ್ಟೇಜ್ ಎಷ್ಟಿದೆ ಅಂತ ಫೋನ್ ಮಾಡಿ, ಆಮೇಲೆ ಪಂಪು ತಗೊಳ್ಳೋಣ ಅಂದು ವೋಲ್ಟೇಜ್ ನೋಡುವ ತನ್ನ ಮೀಟರನ್ನು ನಮ್ಮಲ್ಲೇ ಬಿಟ್ಟು ಹೋದ. ಬೆಳಿಗ್ಗೆ 225 ಇದ್ದದ್ದು ಸಂಜೆಗೆ 182 ಇತ್ತು.

ಸಾಗರದ ಅಂಗಡಿಯಲ್ಲಿ ಒಂದೂವರೆ ಎಚ್‌ಪಿ, ಹೆಚ್ಚು ಹೆಡ್‌ನ, ಅಂದರೆ ಹೆಚ್ಚು ಎತ್ತರಕ್ಕೆ ನೀರೆತ್ತುವ ಪಂಪು ತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ಹುಡುಗ ಬೇಡ ಅಂದ. ಬೇಸಿಗೆಯಲ್ಲಿ ನಮಗೆ ಬೇಕಾದದ್ದು 30 ಅಡಿ ಬಾವಿ, 22 ಅಡಿ ಟ್ಯಾಂಕು, ಪೈಪಿನ ನಷ್ಟ ಎಲ್ಲ ಸೇರಿ ಸುಮಾರು 18 ಮೀಟರ್. ಮಳೆಗಾಲದಲ್ಲಿ ನೀರು ಮೇಲೆ ಬಂದಾಗ ಅದು ಒಂಬತ್ತು, ಹತ್ತು ಮೀಟರಿಗೆ ಇಳಿಯುತ್ತದೆ. ದೊಡ್ಡ ಹೆಡ್ಡಿನ ಪಂಪನ್ನು ಅಷ್ಟು ಕಡಿಮೆ ಎತ್ತರಕ್ಕೆ ಓಡಿಸಿದರೆ ಅದು ಮಿತಿ ಮೀರಿ ನೀರು ತಳ್ಳುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ, ಮೋಟರ್ ಬಿಸಿಯಾಗುತ್ತದೆ. ತಗಡಿನ ಮೇಲೆ ಬರೆದ ಹೆಡ್ ರೇಂಜಿನೊಳಗೆ ನಮ್ಮ ಎರಡೂ ಅಂಕಿ ಬರಬೇಕು. ಇದು ನನಗೆ ಹೊಸ ವಿಷಯ. ಈಗಲೂ ಮಳೆಗಾಲದಲ್ಲಿ ಸ್ಟಾರ್ಟರ್ ಪ್ಯಾನಲ್ಲಿನ, ಕರೆಂಟು ತೋರಿಸುವ ಆಂಪ್ಸ್ ಮುಳ್ಳು ಬೇಸಿಗೆಗಿಂತ ಅರ್ಧ ಗೆರೆ ಮೇಲೇ ನಿಲ್ಲುತ್ತದೆ, ಆಗ ಗೇಟ್‌ವಾಲ್ವನ್ನು ಸ್ವಲ್ಪ ತಿರುಗಿಸಿ ಬಿಗಿ ಮಾಡುತ್ತೇನೆ.

ವಯರಿನ ವಿಷಯದಲ್ಲೂ ಅವನು ಜಗ್ಗಲಿಲ್ಲ. ಮೀಟರಿನಿಂದ ಬಾವಿಗೆ ನಮ್ಮಲ್ಲಿ 50 ಮೀಟರ್. ಮೋಟರ್ ಸುಮಾರು ಏಳು ಆಂಪ್ಸ್ ಎಳೆಯುತ್ತದೆ. 1.5 ಎಂಎಂ (ಚದರ ಮಿಲಿಮೀಟರ್) ವಯರಾದರೆ ದಾರಿಯಲ್ಲೇ ಎಂಟು, ಒಂಬತ್ತು ವೋಲ್ಟ್ ನಷ್ಟ, 2.5 ಆದರೆ ಐದು. ಓಡುವಾಗ ಇದು ದೊಡ್ಡದಲ್ಲ. ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಕರೆಂಟು ಬೇಕು, ನಷ್ಟವೂ ಅಷ್ಟೇ ಪಟ್ಟು. ಸಂಜೆಯ 182ರಲ್ಲಿ ಇನ್ನೂ ನಲವತ್ತು ಹೋದರೆ ಮೋಟರ್ ಗುಂಯ್ ಎಂದು ನಿಂತಲ್ಲೇ ನಿಂತು ಕಾಯಿಲ್ ಸುಡುತ್ತದೆ. 2.5 ಎಂಎಂ ತಾಮ್ರದ ವಯರನ್ನೇ ತಂದೆವು.

ಇನ್ನು ಜಾಯಿಂಟು. ಪಂಪಿನ ಜೊತೆ ಕಂಪನಿ ಕೊಡುವ ಕೇಬಲ್ ಮೂರೇ ಮೀಟರ್. ಅಂದರೆ ಯಾರೇ ಕೂರಿಸಲಿ, ನೀರಿನೊಳಗೆ ಒಂದು ಜಾಯಿಂಟು ಬಂದೇ ಬರುತ್ತದೆ. ಈ ಕಂಪನಿಯ ಮೇಲೆ ನನ್ನ ದೊಡ್ಡ ತಕರಾರು ಇದೇ. ಬಾವಿಗೆಂದೇ ಮಾಡಿದ ಪಂಪಿಗೆ ಬಾವಿಯಿಂದ ಮೇಲೆ ಬರುವಷ್ಟು ಕೇಬಲ್ ಕೊಡಬೇಡವೇ? ಹುಡುಗ ಜಗುಲಿಯ ಮೇಲೆ ಗೋಣಿ ಹಾಸಿಕೊಂಡು ಕೂತ. ಮೂರೂ ಎಳೆಗಳನ್ನು ಒಂದೇ ಅಳತೆಗೆ ಕತ್ತರಿಸದೆ ಒಂದೊಂದನ್ನು ಎರಡೆರಡು ಇಂಚು ಹಿಂದೆ ಮುಂದೆ ಕತ್ತರಿಸಿದ. ಹಾಗೆ ಮಾಡಿದರೆ ಮೂರು ಗಂಟು ಒಂದರ ಪಕ್ಕ ಒಂದು ಬರುವುದಿಲ್ಲ, ಟೇಪು ಸವೆದರೂ ಒಂದಕ್ಕೊಂದು ತಾಗುವುದಿಲ್ಲ. ತಾಮ್ರವನ್ನು ಬ್ಲೇಡಿನಿಂದ ಹೊಳೆಯುವಷ್ಟು ಕೆರೆದು, ಹೊಸೆದು, ಬೆಸುಗೆ ಹಾಕಿದ. ಮೇಲೆ ರಬ್ಬರ್ ಟೇಪನ್ನು ಎಳೆದು ಎಳೆದು ಅರ್ಧರ್ಧ ಮೇಲೆ ಬರುವಂತೆ ಸುತ್ತಿದ, ಅದರ ಮೇಲೆ ಪಿವಿಸಿ ಟೇಪು. ಒಂದು ಜಾಯಿಂಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಬಕೆಟ್ಟಿಗೆ ನೀರು ಹಾಕಿ, ಅಡುಗೆಮನೆಯಿಂದ ಒಂದು ಹಿಡಿ ಉಪ್ಪು ತರಿಸಿ ಕಲಸಿ, ಜಾಯಿಂಟನ್ನು ಅದರಲ್ಲಿ ಮುಳುಗಿಸಿಟ್ಟು ಊಟಕ್ಕೆ ಕೂತ. ಊಟ ಮುಗಿಸಿ ಬಂದು, ಕರೆಂಟು ಎಲ್ಲಾದರೂ ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ತೆಗೆದು, ಒಂದು ತುದಿ ವಯರಿಗೆ, ಇನ್ನೊಂದು ನೀರಿಗೆ ಇಟ್ಟು 500 ವೋಲ್ಟಿನಲ್ಲಿ ನೋಡಿದ. "ಅಮ್ಮಾ, ಬಾವಿ ಒಳಗೆ ಹೋದ್ಮೇಲೆ ಇದನ್ನ ನೋಡೋಕಾಗಲ್ಲ, ಈಗ್ಲೇ ನೋಡ್ಬೇಕು" ಎಂದು ಅತ್ತೆಗೆ ಹೇಳಿದ. ಅತ್ತೆ ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತಿದ್ದರು, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು.

ಆ ಕೇಬಲ್ಲಿನಲ್ಲಿ ಕೆಂಪು, ಹಳದಿ, ನೀಲಿ ಮೂರು ಎಳೆ ಇವೆ. ಮೂರು ಎಳೆ ಇದ್ದಮೇಲೆ ಒಂದು ಅರ್ಥ್ ಇರಬೇಕು ಎಂದೇ ನಾನು ತಿಳಿದಿದ್ದೆ. ಇಲ್ಲ. ಸ್ಟಾರ್ಟಿಂಗ್, ರನ್ನಿಂಗ್, ಕಾಮನ್ ಎಂದು ಮೂರೂ ಮೋಟರಿಗೇ ಹೋಗುತ್ತವೆ. ಮೋಟರಿನ ಮೈಯ ಮೇಲೆ ಅರ್ಥ್ ಗುರುತಿನ ಬೋಲ್ಟು ಬೇರೆಯೇ ಇದೆ, ಬಹಳ ಮನೆಗಳಲ್ಲಿ ಅದಕ್ಕೆ ಏನೂ ಸಿಕ್ಕಿಸಿರುವುದಿಲ್ಲ. ಹಿಂದೆಲ್ಲ ಕಬ್ಬಿಣದ ಪೈಪಾದರೂ ಇತ್ತು, ಈಗ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಹುಡುಗ ಆ ಬೋಲ್ಟಿನಿಂದ ಹಸಿರು ವಯರೊಂದನ್ನು ಪೈಪಿನ ಪಕ್ಕದಲ್ಲೇ ಮೇಲೆ ತಂದು ಅರ್ಥ್ ಗುಂಡಿಗೆ ಸೇರಿಸಿದ. ಇದನ್ನು ಓದುತ್ತಿರುವವರು ತಮ್ಮ ಮನೆಯ ಬಾವಿಯ ಹತ್ತಿರ ಹೋಗಿ ಎಷ್ಟು ವಯರು ಕೆಳಗೆ ಹೋಗಿದೆ ಎಂದು ಇವತ್ತೇ ಎಣಿಸಿ ನೋಡಿ. ದೂರದಿಂದ, ಮೇನ್ ಆಫ್ ಮಾಡಿ.

ಅರ್ಥಿಂಗಿಗೆ ಎಂಟೂವರೆ ಅಡಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಬಚ್ಚಲ ನೀರು ಹರಿಯುವ ಬಾಳೆಬುಡದ ಹತ್ತಿರ ಹೂಳಿದರು, ಮಣ್ಣು ಸದಾ ಹಸಿಯಾಗಿರಲಿ ಎಂದು. ಆದರೆ ಅರ್ಥ್ ಇದ್ದ ಮಾತ್ರಕ್ಕೆ ಜೀವ ಉಳಿಯುತ್ತದೆ ಎಂದು ನಂಬಬೇಡಿ. ಲೆಕ್ಕ ಸರಳ. ನಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಅರ್ಥ್ 10 ಓಮ್ ಸಿಕ್ಕಿತು ಅಂದುಕೊಳ್ಳಿ. 230 ವೋಲ್ಟ್ ಸೋರಿದರೆ ಹರಿಯುವುದು 23 ಆಂಪ್ಸ್. 16 ಆಂಪ್ಸಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಅಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ನಿಧಾನವಾಗಿ ಕಾದು ಬೀಳುತ್ತದೆ. ಅಷ್ಟು ಹೊತ್ತೂ ಮೋಟರಿನ ಮೈಯಲ್ಲಿ, ಕಬ್ಬಿಣದ ಪೈಪಿದ್ದರೆ ಅದರಲ್ಲೂ, ಕರೆಂಟು ಇದ್ದೇ ಇರುತ್ತದೆ. ಒಬ್ಬ ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಡ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ, 30 ಮಿಲಿಆಂಪಿಯರಿನದು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. ದಾರಿಯಲ್ಲಿ ನೆಲಕ್ಕೋ ಮನುಷ್ಯನ ಮೈಗೋ ಸೋರಿ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿದುಹಾಕುತ್ತದೆ. ಓವರ್‌ಲೋಡಿಗೆ, ಶಾರ್ಟಿಗೆ ಅದು ಬೀಳುವುದಿಲ್ಲ, ಅದಕ್ಕೆ ಎಂಸಿಬಿ ಬೇಕೇ ಬೇಕು. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದರೆ ಅದಕ್ಕೂ ಗೊತ್ತಾಗುವುದಿಲ್ಲ. ಆದರೆ ಅತ್ತೆಗೆ ಆದಂಥದ್ದಕ್ಕೆ ಇದೇ ಮದ್ದು. 1,900 ರೂಪಾಯಿ. ಹನ್ನೊಂದು ವರ್ಷದ ಹಿಂದೆ ಯಾರಾದರೂ ಇದನ್ನು ಹೇಳಿದ್ದರೆ!

ಇಳಿಸುವ ದಿನ ಪಂಪಿನ ಎರಡೂ ಮುಚ್ಚಳ ಬಿಚ್ಚಿ ಮೋಟರಿನೊಳಗೆ ಶುದ್ಧ ನೀರು ತುಂಬಿಸಿದರು. ನಮ್ಮದು ನೀರು ತುಂಬುವ ಬಗೆಯದು, ತಿರುಗುವ ದಂಡವನ್ನು ಹಿಡಿದಿರುವ ಒಳಗಿನ ಬುಷ್‌ಗಳಿಗೆ ಎಣ್ಣೆಯ ಬದಲು ನೀರೇ ಆಸರೆ. ಗುಳ್ಳೆ ಪೂರ್ತಿ ನಿಲ್ಲುವವರೆಗೆ ಅಲ್ಲಾಡಿಸಿ ಅಲ್ಲಾಡಿಸಿ ತುಂಬಿಸಬೇಕು. ತಿರುಗುತ್ತದೋ ನೋಡೋಣ ಎಂದು ನೆಲದ ಮೇಲೆ ಒಣದಾಗಿ ಓಡಿಸುವವರಿದ್ದಾರೆ, ಹಾಗೆ ಕೆಲವು ಸೆಕೆಂಡು ಓಡಿಸಿದರೂ ಬುಷ್ ಹಾಳು. ಪಂಪಿನ ಕೊಕ್ಕೆಗೆ ನೈಲಾನ್ ಹಗ್ಗ ಕಟ್ಟಿ ರಾಟೆಯಿಂದ ಇಳಿಸಿದರು, ಕೇಬಲ್ಲಿನ ಮೇಲೆ ಒಂದು ಕಿಲೋ ಭಾರವೂ ಬೀಳದ ಹಾಗೆ. ತಳದ ಕೆಸರಿನಿಂದ ಒಂದೂವರೆ ಅಡಿ ಮೇಲೆ, ಕಲ್ಲಿನ ಚಪ್ಪಡಿಯ ಮೇಲೆ ಕೂತಿದೆ.

ಬಳಕೆಯ ವಿಷಯಕ್ಕೆ ಬಂದರೆ, ಪಂಪು ಒಳ್ಳೆಯದೇ. 1,000 ಲೀಟರ್ ಟ್ಯಾಂಕು ಏಪ್ರಿಲ್‌ನಲ್ಲಿ ಹನ್ನೊಂದು ನಿಮಿಷಕ್ಕೆ ತುಂಬುತ್ತದೆ, ಆಗಸ್ಟ್‌ನಲ್ಲಿ ಎಂಟಕ್ಕೆ. ಸದ್ದೇ ಇಲ್ಲ, ಎಷ್ಟೋ ಸಲ ಓಡುತ್ತಿದೆಯೋ ಇಲ್ಲವೋ ಎಂದು ಪ್ಯಾನಲ್ ನೋಡಬೇಕು. ಏರ್ ಹಿಡಿಯಿತು, ಫುಟ್‌ವಾಲ್ವ್ ಸೋರಿತು, ಬಿಂದಿಗೆಯಲ್ಲಿ ನೀರು ಹೊಯ್ದು ತುಂಬಿಸಬೇಕು ಎಂಬ ಬೆಳಗಿನ ರಗಳೆ ಮುಗಿಯಿತು. ಪ್ಯಾನಲ್ಲಿನ ಹಸಿರು ಬಟನ್ ಒಂದೆರಡು ಸೆಕೆಂಡು ಒತ್ತಿ ಬಿಟ್ಟುಬಿಡಬೇಕು, ಒತ್ತಿಯೇ ಹಿಡಿದರೆ ಸ್ಟಾರ್ಟಿಂಗ್ ಕಪಾಸಿಟರ್ ಉಬ್ಬಿ ಒಡೆಯುತ್ತದೆ. ಆಂಪ್ಸ್ ಮುಳ್ಳು ಆರೂವರೆ, ಏಳರಲ್ಲಿ ನಿಲ್ಲಬೇಕು. ಮಾರ್ಚ್‌ನಲ್ಲಿ ಒಂದು ದಿನ ಅದು ನಾಲ್ಕಕ್ಕೆ ಇಳಿದಿತ್ತು, ಬಗ್ಗಿ ನೋಡಿದರೆ ನೀರು ಪಂಪಿನ ಮಟ್ಟಕ್ಕೆ ಬಂದಿದೆ. ಎತ್ತಲು ನೀರಿಲ್ಲದಾಗ ಕೆಲಸ ಕಡಿಮೆ, ಕರೆಂಟೂ ಕಡಿಮೆ. ನೀರಿಲ್ಲದಾಗ ಮೋಟರನ್ನು ತಾನೇ ನಿಲ್ಲಿಸುವ ಡ್ರೈರನ್ ಪ್ರಿವೆಂಟರನ್ನು ಅವತ್ತೇ ಹಾಕಿಸಿದೆ. ಅದನ್ನು ಮೊದಲೇ ಹಾಕಿಸಬೇಕಿತ್ತು. ಹುಡುಗ ಹೇಳಿದ್ದ, ಖರ್ಚು ಹೆಚ್ಚಾಯಿತು ಎಂದು ನಾನೇ ತಳ್ಳಿಹಾಕಿದ್ದೆ.

ಕಂಪನಿಯ ಪುಸ್ತಕದಲ್ಲಿ ಇಂಗ್ಲಿಷ್, ಹಿಂದಿ, ತಮಿಳು ಇದೆ, ಕನ್ನಡ ಇಲ್ಲ. ಎಚ್ಚರಿಕೆಯ ಮಾತುಗಳೆಲ್ಲ ಅದರಲ್ಲೇ ಇವೆ. ನಮ್ಮೂರಲ್ಲಿ ದಿನಾ ಬಟನ್ ಒತ್ತುವ ಹೆಂಗಸರು ಅದನ್ನು ಹೇಗೆ ಓದಬೇಕು? ನಾನೇ ಕನ್ನಡದಲ್ಲಿ ಬರೆದು ಪ್ಯಾನಲ್ಲಿನ ಬಾಗಿಲಿಗೆ ಅಂಟಿಸಿದ್ದೇನೆ: ಒದ್ದೆ ಕೈ ಬೇಡ, ಚಪ್ಪಲಿ ಹಾಕಿಕೊಳ್ಳಿ, ವೋಲ್ಟೇಜ್ 180ರ ಕೆಳಗಿದ್ದರೆ ಹಾಕಬೇಡಿ, ಗುಡುಗಿದರೆ ಮೇನ್ ತೆಗೆಯಿರಿ, ಆಫ್ ಮಾಡಿದ ಮೇಲೂ ಒಳಗಿನ ಡಬ್ಬಿ ಮುಟ್ಟಬೇಡಿ. ಕೊನೆಯದು ಕಪಾಸಿಟರಿಗೆ, ಅದರಲ್ಲಿ ಕರೆಂಟು ಉಳಿದಿರುತ್ತದೆ.

ಜುಲೈನಲ್ಲಿ ಆರ್‌ಸಿಸಿಬಿ ದಿನಾ ಬೆಳಿಗ್ಗೆ ಬೀಳತೊಡಗಿತು. ಎಡೆಬಿಡದ ಮಳೆ, ಹುಡುಗ ಊರಲ್ಲಿರಲಿಲ್ಲ. ಬೇರೆ ಒಬ್ಬ ಎಲೆಕ್ಟ್ರಿಷಿಯನ್ ಬಂದು ನೋಡಿ, "ಇದೆಲ್ಲ ನಮ್ಮ ಮಳೆಗೆ ಆಗಿಬರಲ್ಲ ಅಕ್ಕಾ, ತೆಗ್ದು ಡೈರೆಕ್ಟ್ ಕೊಡ್ತೀನಿ" ಅಂದ. ಐದು ನಿಮಿಷದ ಕೆಲಸ. ಟ್ಯಾಂಕು ಖಾಲಿ, ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಿದ್ದವು. ಅತ್ತೆ ಒಳಗಿನಿಂದಲೇ, "ಬೇಡ, ನಾ ಸೇದ್ತೆ" ಅಂದರು. ಎರಡು ದಿನ ರಾಟೆಯಲ್ಲಿ ಸೇದಿದೆವು. ಹುಡುಗ ಬಂದು ಒಂದೊಂದೇ ಭಾಗ ಬಿಚ್ಚಿ ಮೆಗ್ಗರ್ ಇಟ್ಟ. ಬಾವಿಯೊಳಗಿನ ಜಾಯಿಂಟು, ಮೋಟರ್ ಎರಡೂ ಸರಿ ಇದ್ದವು. ಸೂರಿನ ಕೆಳಗಿನ ಜಂಕ್ಷನ್ ಬಾಕ್ಸ್ ಸೇರಿಸಿದ ಕೂಡಲೇ ಮುಳ್ಳು ಸೊನ್ನೆಗೆ ಬಂತು. ಮುಚ್ಚಳ ತೆಗೆದರೆ ಒಳಗೆ ಇರುವೆ ಗೂಡು, ಹಸಿ ಮಣ್ಣು, ಒಂದು ಸತ್ತ ಹಲ್ಲಿ. ಆ ಬಾಕ್ಸನ್ನು ಹೊರಗೆ ಕೂರಿಸಿದ್ದು ಅವನದೇ ತಪ್ಪು, ಒಪ್ಪಿಕೊಂಡು ದುಡ್ಡು ತೆಗೆದುಕೊಳ್ಳದೆ ಒಳಗೋಡೆಗೆ ಹಾಕಿಕೊಟ್ಟ. ಅಲ್ಲಿಂದ ಇಲ್ಲಿಯವರೆಗೆ ಅದು ಬಿದ್ದಿಲ್ಲ. ಪ್ರತಿ ತಿಂಗಳ ಒಂದನೇ ತಾರೀಖು ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ನೋಡುತ್ತೇನೆ.

ಟ್ಯಾಂಕು ತುಂಬಿದ ಕೂಡಲೇ ತಾನೇ ನಿಲ್ಲುವ ವ್ಯವಸ್ಥೆಯನ್ನೂ ಹಾಕಿಸಿದ್ದೇವೆ. ಅದರಲ್ಲಿ 230 ವೋಲ್ಟಿನ ವಯರು ನೇರ ಟ್ಯಾಂಕಿನ ನೀರಿಗೆ ಇಳಿಯುವ ಫ್ಲೋಟ್ ಸ್ವಿಚ್ ಅಗ್ಗಕ್ಕೆ ಸಿಗುತ್ತದೆ, ನಾವು 12 ವೋಲ್ಟಿನ ಸೆನ್ಸರ್ ಇರುವುದನ್ನು ಆರಿಸಿದೆವು. ಆಫ್ ಆಗುವುದು ಮಾತ್ರ ತಾನೇ, ಆನ್ ಮಾಡುವುದು ಕೈಯಲ್ಲೇ. ಫೋನಿನಿಂದ ಸ್ಟಾರ್ಟ್ ಆಗುವ ಪೆಟ್ಟಿಗೆ ಬೇಡವೆಂದೆ. ತೋಟದ ದೂರದ ಪಂಪಿಗೆ ಅದು ಅನುಕೂಲವಿರಬಹುದು. ಮನೆಯ ಬಾವಿಗೆ ಜನ ಇಳಿಯುತ್ತಾರೆ.

ಲೆಕ್ಕ ಕೇಳುವವರಿಗೆ: ಪಂಪು 12,400, ಪ್ಯಾನಲ್ 2,150, ಆರ್‌ಸಿಸಿಬಿ ಮತ್ತು ಎಂಸಿಬಿ 2,300, ಅರ್ಥಿಂಗ್ ಪೂರ್ತಿ 3,100, ವಯರು ಮತ್ತು ಕೇಬಲ್ 8,600, ಪೈಪು ಹಗ್ಗ ಇತ್ಯಾದಿ 3,400, ಎರಡು ದಿನದ ಕೂಲಿ ಇಬ್ಬರಿಗೆ 3,600. ಡ್ರೈರನ್ ಪೆಟ್ಟಿಗೆ ಆಮೇಲೆ 1,450. ಪಂಪಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕೇಬಲ್ಲಿಗೂ ಕನ್ನಡಕ್ಕೂ ಸೇರಿ ಒಂದು ಕಳೆದಿದ್ದೇನೆ. ಕೂರಿಸಿದ ಕೆಲಸಕ್ಕೆ ಐದಕ್ಕೆ ಐದು, ಜಂಕ್ಷನ್ ಬಾಕ್ಸನ್ನು ಲೆಕ್ಕಕ್ಕೆ ಹಿಡಿದೂ.

ಈ ತಿಂಗಳ ಮೊದಲಲ್ಲಿ ಬಾವಿಯ ಕೆಸರು ತೆಗೆಸಿದೆವು. ಆಳುಗಳು ಇಳಿಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು, ಪೆಟ್ಟಿಗೆಗೆ ಬೀಗ ಹಾಕಿದೆ. ಬೀಗದ ಕೈ ಅತ್ತೆ ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡರು. ಕೊನೆಯ ಆಳು ಮೇಲೆ ಬಂದು ಕಾಲು ತೊಳೆದುಕೊಳ್ಳುವವರೆಗೆ ಕೊಡಲಿಲ್ಲ.